ಎರಡು ಪುಟದ ನೋಟಿಫಿಕೇಶನ್

ಮೇ ತಿಂಗಳ ಒಂದು ಭಾನುವಾರ ಸಂಜೆ. ಕರೆಂಟ್ ಹೋಗಿತ್ತು. ಕಲಬುರಗಿಯ ಮೇ ತಿಂಗಳು ಅಂದಮೇಲೆ ಬಿಡಿಸಿ ಹೇಳೋದು ಬೇಡ ಅಲ್ವಾ, ಕತ್ತಲಾದ ಮೇಲೂ ಗೋಡೆ ಮುಟ್ಟಿದರೆ ಬಿಸಿ. ಬಾಗಿಲ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದೆ. ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಇಳಿದು ಬಂದಳು. ಜೇವರ್ಗಿ ಕಡೆಯವಳು. ಎಂ.ಎಸ್ಸಿ. ಬಾಟನಿ ಮುಗಿಸಿ ವರ್ಷವಾಗಿದೆ.

"ಅಕ್ಕಾ, ಇದಕ್ಕ ನಾ ಹಾಕ್ಲಿಕ್ಕೆ ಬರ್ತದೇನ್ರಿ?" ಅಂತ ಫೋನ್ ಮುಂದೆ ಹಿಡಿದಳು.

ಎರಡು ಪುಟದ ಪಿಡಿಎಫ್. ವಿಶ್ವವಿದ್ಯಾಲಯವೊಂದರ ಸಂಶೋಧನಾ ಪ್ರಾಜೆಕ್ಟಿಗೆ ಒಬ್ಬರು ಪ್ರಾಜೆಕ್ಟ್ ಅಸೋಸಿಯೇಟ್ ಬೇಕಾಗಿದ್ದಾರೆ. ಗುರುವಾರ ಬೆಳಿಗ್ಗೆ ಹತ್ತೂವರೆಗೆ ವಾಕ್-ಇನ್ ಸಂದರ್ಶನ, ಅಂದರೆ ಕಾಗದ ಹಿಡಿದು ನೇರ ಹೋಗೋದು. ವೆಬ್‌ಸೈಟಿಗೆ ಹಾಕಿ ಹತ್ತು ದಿನವಾಗಿತ್ತು. ಯಾರೋ ವಾಟ್ಸಾಪ್ ಗ್ರೂಪಿಗೆ ಕಳಿಸಿ ಇವಳ ಕೈಗೆ ಬಂದದ್ದು ಅವತ್ತು ಮಧ್ಯಾಹ್ನ.

ಹೋದ ತಿಂಗಳು ಇಂಥದ್ದೇ ಇನ್ನೊಂದು ಬಂದಿತ್ತಂತೆ. ಬಿಟ್ಟುಬಿಟ್ಟಳಂತೆ. ಯಾಕೆ ಅಂತ ಕೇಳಿದೆ. "ನೆಟ್ ಕೇಳ್ಯಾರ್ರಿ ಅಕ್ಕಾ, ನಂದು ಆಗಿಲ್ಲ." ತೋರಿಸು ಅಂದೆ. ಹುಡುಕಿ ತೆಗೆದಳು. ನೆಟ್ ಅಂದರೆ ಪಾಠ ಮಾಡೋದಕ್ಕೆ, ಸಂಶೋಧನೆಯ ಶಿಷ್ಯವೇತನಕ್ಕೆ ಬರೆಯುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ಅದನ್ನ ಬರೆದಿದ್ದದ್ದು ನಿಜ. ಆದರೆ ಬರೆದಿದ್ದು 'ಡಿಸೈರಬಲ್' ಅನ್ನೋ ಮಾತಿನ ಕೆಳಗೆ. ಇದ್ದರೆ ಒಳ್ಳೇದು ಅಂತ ಅಷ್ಟೇ. 'ಎಸೆನ್ಷಿಯಲ್' ಅನ್ನೋದರ ಕೆಳಗೆ ಇದ್ದದ್ದು ಬಾಟನಿ ಎಂ.ಎಸ್ಸಿ., ಶೇಕಡಾ 55. ಇವಳಿಗೆ 71 ಆಗಿದೆ. ಹೋಗಬಹುದಿತ್ತು. ಹೋಗಲಿಲ್ಲ.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ನಮ್ಮ ಕಡೆಯ ಮಕ್ಕಳು ಸಂದರ್ಶನಕ್ಕಿಂತ ಜಾಸ್ತಿ ನೋಟಿಫಿಕೇಶನ್ನಿನಲ್ಲೇ ಸೋಲುತ್ತಾರೆ. ಹತ್ತು ವರ್ಷದಿಂದ ಕಣ್ಣಾರೆ ನೋಡುತ್ತಾ ಬಂದಿದ್ದೇನೆ. ವಿಷಯ ಗೊತ್ತಿರುತ್ತದೆ, ಮಾರ್ಕ್ಸ್ ಇರುತ್ತದೆ, ದುಡಿಯುವ ಮನಸ್ಸಿರುತ್ತದೆ. ಆ ಎರಡು ಪುಟವನ್ನ ಹೇಗೆ ಓದಬೇಕು ಅಂತ ಮಾತ್ರ ಯಾರೂ ಹೇಳಿಕೊಟ್ಟಿರೋದಿಲ್ಲ. ಇದು ಕ್ಲಾಸಿನಲ್ಲಿ ಹೇಳುವ ಪಾಠವಲ್ಲ. ಮನೆಯಲ್ಲಿ ಮೊದಲು ಓದಿದವರು, ಮೊದಲು ನೌಕರಿ ಹಿಡಿದವರು ಇದ್ದರೆ ಊಟ ಮಾಡುತ್ತಾ ಮಾತಿನಲ್ಲೇ ಬಂದುಬಿಡುತ್ತದೆ. ಇಲ್ಲದಿದ್ದರೆ ಇಲ್ಲ.

ನಾನೂ ಹಾಗೆ ಸೋತವಳೇ.

2014ರ ಮಾತು. ನಂದು ಆಳಂದ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಊರಿನ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ ಇರುತ್ತಿತ್ತು. ನಾನು ಎಂ.ಎಸ್ಸಿ. ಮುಗಿಸಿದ ಮರುವರ್ಷ ಲ್ಯಾಬಿನಲ್ಲಿ ತಾಂತ್ರಿಕ ಸಹಾಯಕರ ಒಂದು ಹುದ್ದೆ ಕರೆದರು. ಒಂದೇ ಹುದ್ದೆ, ಸ್ಥಳೀಯ ವೃಂದದ್ದು, ಅಂದರೆ ನಮ್ಮ ಭಾಗದವರಿಗೆ ಮೀಸಲಾದದ್ದು. ಡಿ.ಡಿ. ತೆಗೆಸೋದಕ್ಕೆ ಬ್ಯಾಂಕಿನಲ್ಲಿ ಅರ್ಧ ದಿನ ಹೋಯಿತು. ಮಾರ್ಕ್ಸ್ ಕಾರ್ಡುಗಳ ಮೂರು ಸೆಟ್ ಜೆರಾಕ್ಸ್ ಮಾಡಿಸಿ ಒಂದೊಂದು ಹಾಳೆಯ ಮೇಲೂ ಸಹಿ ಹಾಕಿದೆ. ಕವರಿನ ಮೇಲೆ ಹುದ್ದೆಯ ಹೆಸರು ದೊಡ್ಡದಾಗಿ ಬರೆಯಬೇಕು ಅಂತ ನೋಟಿಫಿಕೇಶನ್ನಿನಲ್ಲಿ ಹೇಳಿತ್ತು. ಅದನ್ನ ಅಪ್ಪನೇ ಬರೆದರು. ಮೊದಲು ಸ್ಕೇಲ್ ಇಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆದರು, ಆಮೇಲೆ ಅದರ ಮೇಲೆ ನೀಲಿ ಇಂಕು. ಇಂಕು ಒಣಗಿದ ಮೇಲೆ ಪೆನ್ಸಿಲ್ ಗೆರೆ ಅಳಿಸಿದರು. ಆ ರಬ್ಬರಿನ ಪುಡಿಯನ್ನ ಅಂಗೈಯಿಂದ ಮೆಲ್ಲಗೆ ಒರೆಸಿ ಕೆಡವಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾಲ್ಕೈದು ತಿಂಗಳಾದ ಮೇಲೆ ಪಟ್ಟಿ ಹಾಕಿದರು. ನೋಡೋದಕ್ಕೆ ಅಪ್ಪನೂ ಜೊತೆಗೆ ಬಂದರು. ಅರ್ಹರ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಪಕ್ಕದ ಹಾಳೆಯಲ್ಲಿತ್ತು, ಅನರ್ಹರ ಪಟ್ಟಿಯಲ್ಲಿ. ಹೆಸರಿನ ಮುಂದೆ ಕಾರಣ: 371(ಜೆ) ಪ್ರಮಾಣಪತ್ರ ಲಗತ್ತಿಸಿಲ್ಲ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ಹಚ್ಚಿದ್ದೆ. ವಾಸಸ್ಥಳದ್ದು ಹಚ್ಚಿದ್ದೆ. ಒಂದನೇ ಕ್ಲಾಸಿನಿಂದ ಎಂ.ಎಸ್ಸಿ. ತನಕ ಇದೇ ಜಿಲ್ಲೆಯಲ್ಲಿ ಓದಿದವಳು, ಇದಕ್ಕಿಂತ ಇನ್ನೇನು ಬೇಕು ಅಂದುಕೊಂಡಿದ್ದೆ. ಅಪ್ಪ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. "ಒಂದ್ ಕಾಗದಕ್ಕೇನವ್ವಾ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಬಸ್ಸಿನಲ್ಲಿ ಊರು ಮುಟ್ಟುವ ತನಕ ಇಬ್ಬರೂ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆವು.

ಆ ಒಂದು ಕಾಗದದ ಹಿಂದೆ ಎಷ್ಟು ದೊಡ್ಡ ಕಥೆ ಇದೆ ಅನ್ನೋದು ಆಮೇಲೆ ಗೊತ್ತಾಯಿತು. ವೈಜನಾಥ ಪಾಟೀಲರಂಥವರು, ಅವರ ಜೊತೆ ಹೆಸರು ಗೊತ್ತಿಲ್ಲದ ಎಷ್ಟೋ ಜನ, ವರ್ಷಗಟ್ಟಲೆ ಹೋರಾಡಿ ತಂದದ್ದು ಅದು. ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ಬಂತು, ನಮ್ಮ ಹೈದರಾಬಾದ್ ಕರ್ನಾಟಕಕ್ಕೆ, ಈಗಿನ ಕಲ್ಯಾಣ ಕರ್ನಾಟಕಕ್ಕೆ, ವಿಶೇಷ ಸ್ಥಾನ ಕೊಡುವ ವಿಧಿ. 2013ರಲ್ಲಿ ಉದ್ಯೋಗ ಮೀಸಲಾತಿಯ ಆದೇಶ ಆಯಿತು. ನಮ್ಮ ಭಾಗದ ರಾಜ್ಯ ಸರ್ಕಾರಿ ಹುದ್ದೆಗಳಲ್ಲಿ 'ಬಿ' ಗುಂಪಿನಲ್ಲಿ ಶೇಕಡಾ 75, 'ಸಿ' ಗುಂಪಿನಲ್ಲಿ 80, 'ಡಿ' ಗುಂಪಿನಲ್ಲಿ 85 ಸ್ಥಳೀಯರಿಗೆ. ರಾಜ್ಯದ ವಿಶ್ವವಿದ್ಯಾಲಯಗಳಿಗೂ ಇದು ಬರುತ್ತದೆ. ಆದರೆ ನೀವು ಸ್ಥಳೀಯರು ಅಂತ ನೀವು ಹೇಳಿದರೆ ಆಗೋದಿಲ್ಲ. ನಿಮ್ಮ ಮಾರ್ಕ್ಸ್ ಕಾರ್ಡ್ ಹೇಳಿದರೂ ಆಗೋದಿಲ್ಲ. ಸಹಾಯಕ ಆಯುಕ್ತರ ಸಹಿ ಇರುವ ಅರ್ಹತಾ ಪ್ರಮಾಣಪತ್ರವೇ ಹೇಳಬೇಕು. ಅದು ಆಗ ಹೊಸದು. ನಮ್ಮ ಓಣಿಯಲ್ಲಿ ಒಬ್ಬರ ಹತ್ತಿರವೂ ಇರಲಿಲ್ಲ. ನೋಟಿಫಿಕೇಶನ್ನಿನ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ನಾನು ಅಲ್ಲಿಯ ತನಕ ಓದಿರಲಿಲ್ಲ.

ನಮ್ಮ ಜನಕ್ಕೆ ವಿಶ್ವವಿದ್ಯಾಲಯ ಅಂದರೆ ಎರಡೇ ನೌಕರಿ ಗೊತ್ತು. ಒಂದು ಪ್ರೊಫೆಸರ್, ಇನ್ನೊಂದು ಕ್ಲರ್ಕ್. ಕಲಬುರಗಿಯಲ್ಲಿ ವಿಶ್ವವಿದ್ಯಾಲಯ ಹೊಸದೇನಲ್ಲ. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಬಂತು, 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯ ಆಯಿತು. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕಾಲೇಜು ಮತ್ತು ಸಂಶೋಧನಾ ಕೇಂದ್ರ ಇಲ್ಲೇ ಊರ ಪಕ್ಕ. ಇಷ್ಟೆಲ್ಲ ಇದ್ದೂ ಆ ಗೇಟಿನೊಳಗೆ ಏನೇನು ಕೆಲಸ ಇರುತ್ತದೆ ಅಂತ ನಮಗೆ ಗೊತ್ತಿಲ್ಲ. ಲ್ಯಾಬ್ ನೋಡಿಕೊಳ್ಳುವವರು ಬೇಕು. ಲೈಬ್ರರಿಗೆ ಓದಿದವರು ಬೇಕು. ಲೆಕ್ಕಪತ್ರ, ಕಂಪ್ಯೂಟರ್, ಪರೀಕ್ಷಾ ವಿಭಾಗ ಎಲ್ಲಕ್ಕೂ ಜನ ಬೇಕು. ಹಳ್ಳಿಗೆ ಹೋಗಿ ಮನೆಮನೆ ಪ್ರಶ್ನೆ ಕೇಳಿ ಬರೆದುಕೊಳ್ಳುವ ಫೀಲ್ಡ್ ಇನ್ವೆಸ್ಟಿಗೇಟರ್ ಬೇಕು. ಸಂಶೋಧನೆಗೆ ಜೆಆರ್‌ಎಫ್ (ಶಿಷ್ಯವೇತನ ಪಡೆಯುವ ಕಿರಿಯ ಸಂಶೋಧಕರು), ಪ್ರಾಜೆಕ್ಟ್ ಅಸಿಸ್ಟೆಂಟ್, ಪ್ರಾಜೆಕ್ಟ್ ಅಸೋಸಿಯೇಟ್, ಪಿಎಚ್.ಡಿ. ಆದವರಿಗೆ ರಿಸರ್ಚ್ ಅಸೋಸಿಯೇಟ್.

ಕಾಯಂ ಹುದ್ದೆ ಕರೆಯೋದು ಯಾವಾಗಲೋ ಒಮ್ಮೆ. ಪ್ರಾಜೆಕ್ಟಿನ ಕೆಲಸ ವರ್ಷವಿಡೀ ಅಲ್ಲೊಂದು ಇಲ್ಲೊಂದು ಬರುತ್ತಲೇ ಇರುತ್ತದೆ. ಅದಕ್ಕೆ ಪೇಪರಿನಲ್ಲಿ ದೊಡ್ಡ ಜಾಹೀರಾತು ಇರೋದಿಲ್ಲ. ವೆಬ್‌ಸೈಟಿನ ಒಂದು ಮೂಲೆಯಲ್ಲಿ ಹಾಕುತ್ತಾರೆ, ವಿಭಾಗದ ನೋಟಿಸ್ ಬೋರ್ಡಿಗೆ ಹಚ್ಚುತ್ತಾರೆ, ಹತ್ತು ಹದಿನೈದು ದಿನಕ್ಕೆ ಸಂದರ್ಶನ. ಗೊತ್ತಾದವರು ಬರುತ್ತಾರೆ.

ಈ ಪ್ರಾಜೆಕ್ಟಿನ ದುಡ್ಡು ಹೇಗೆ ಬರುತ್ತದೆ ಅನ್ನೋದನ್ನ ಒಂದು ಸಲ ತಿಳಿದುಕೊಂಡರೆ ನೋಟಿಫಿಕೇಶನ್ನಿನ ಅರ್ಧ ಗುಟ್ಟು ಬಿಡಿಸಿದ ಹಾಗೆ. ಒಬ್ಬ ಪ್ರಾಧ್ಯಾಪಕರು ತಮ್ಮ ಸಂಶೋಧನೆಯ ಯೋಜನೆ ಬರೆದು ದೆಹಲಿಗೆ, ಸಂಶೋಧನೆಗೆ ದುಡ್ಡು ಕೊಡುವ ಕೇಂದ್ರದ ಇಲಾಖೆಗೋ ಮಂಡಳಿಗೋ ಕಳಿಸುತ್ತಾರೆ. ಡಿಎಸ್‌ಟಿಗೋ, ಡಿಬಿಟಿಗೋ, ಐಸಿಎಂಆರ್‌ಗೋ, ಸಮಾಜ ವಿಜ್ಞಾನವಾದರೆ ಐಸಿಎಸ್‌ಎಸ್‌ಆರ್‌ಗೋ. ಹಳೆಯ ನೋಟಿಫಿಕೇಶನ್ನುಗಳಲ್ಲಿ ಎಸ್‌ಇಆರ್‌ಬಿ ಅಂತ ಕಾಣುತ್ತಿತ್ತು. 2023ರ ಕಾಯ್ದೆಯ ನಂತರ ಆ ಜಾಗಕ್ಕೆ ಎಎನ್‌ಆರ್‌ಎಫ್ ಬಂದಿದೆ. ಮಂಜೂರಾದ ಹಣದಲ್ಲಿ ಉಪಕರಣಕ್ಕೆ ಇಷ್ಟು, ಕೆಮಿಕಲ್ಲಿಗೆ ಇಷ್ಟು, ಓಡಾಟಕ್ಕೆ ಇಷ್ಟು, ಜನಕ್ಕೆ ಇಷ್ಟು ಅಂತ ಭಾಗ ಮಾಡಿರುತ್ತಾರೆ. ನಾವು ಆ 'ಜನ' ಅನ್ನೋ ಸಾಲಿನಲ್ಲಿ ಬರುತ್ತೇವೆ. ನಮ್ಮ ಸಂಬಳ ವಿಶ್ವವಿದ್ಯಾಲಯದ ಖಜಾನೆಯದಲ್ಲ, ಆ ಪ್ರಾಜೆಕ್ಟಿನದು. ಅದಕ್ಕೇ ನೋಟಿಫಿಕೇಶನ್ನಿನಲ್ಲಿ 'ಕೋ-ಟರ್ಮಿನಸ್' ಅಂತ ಒಂದು ಮಾತು ಇರುತ್ತದೆ. ಪ್ರಾಜೆಕ್ಟ್ ಮುಗಿದ ದಿನ ನಿಮ್ಮ ಕೆಲಸವೂ ಮುಗಿಯಿತು ಅಂತ.

ಈ ಒಂದು ಪದದ ಅರ್ಥ ನನಗೆ ಗೊತ್ತಾದದ್ದು ತೊಗರಿ ಹೊಲದಲ್ಲಿ.

2015ರಲ್ಲಿ ಮೊದಲ ಪ್ರಾಜೆಕ್ಟ್ ಸಿಕ್ಕಿತು. ತಿಂಗಳಿಗೆ 12,000. ನನ್ನ ಪಾಲಿಗೆ ಅದು ದೊಡ್ಡ ದುಡ್ಡು. ತೊಗರಿಯ ನೆಟೆ ರೋಗದ ಮೇಲಿನ ಕೆಲಸ. ನಾನು ತೊಗರಿ ಹೊಲದ ನಡುವೆಯೇ ಬೆಳೆದವಳು. ನೆಟೆ ಹತ್ತಿದ ಗಿಡ ಚಿಕ್ಕಂದಿನಿಂದ ನೋಡಿದ್ದೇನೆ. ಸುತ್ತಲೂ ಹಸಿರು ಇದ್ದ ಹಾಗೇ ಒಂದು ಗಿಡ ನಿಂತಲ್ಲೇ ಒಣಗುತ್ತದೆ. ಎಲೆ ಉದುರದೆ ಹಾಗೇ ಜೋತುಬೀಳುತ್ತದೆ. ಅದರೊಳಗೆ ಏನಾಗುತ್ತದೆ ಅಂತ ಮಾತ್ರ ಯಾವತ್ತೂ ನೋಡಿರಲಿಲ್ಲ. ಮೊದಲ ದಿನ ನಮ್ಮ ಸರ್ ಒಂದು ಗಿಡ ಕಿತ್ತರು. ಬುಡದಿಂದ ಮೇಲಕ್ಕೆ ಕಾಂಡದ ಮೇಲೆ ನೇರಳೆ ಪಟ್ಟಿ ಇತ್ತು. ಚಾಕುವಿನಿಂದ ಸಿಪ್ಪೆ ಕೆರೆದರು. ಒಳಗೆ ಕಪ್ಪು ಗೆರೆ, ಮಸಿ ಎಳೆದ ಹಾಗೆ. "ನೀರು ಹೋಗೋ ದಾರಿ ಇದೇ ನೋಡು, ಫ್ಯುಸೇರಿಯಂ ಶಿಲೀಂಧ್ರ ಇದನ್ನೇ ಮುಚ್ಚಿಬಿಟ್ಟಿದೆ. ನೆಲದಲ್ಲಿ ನೀರಿದ್ದೂ ಗಿಡ ಬಾಯಾರಿ ಸಾಯುತ್ತೆ" ಅಂದರು. ಆ ಕ್ಷಣದಲ್ಲಿ ನನಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿತು.

ಕೆಲಸ ಏನು ಅಂದರೆ ಎಣಿಸೋದು. ಒಂದು ಹೊಲದಲ್ಲಿ ಐದು ಕಡೆ, ಒಂದೊಂದು ಕಡೆ ನೂರು ಗಿಡ. ಎಷ್ಟು ನಿಂತಿವೆ, ಎಷ್ಟು ನೆಟೆ ಹೋಗಿವೆ, ಎಷ್ಟಕ್ಕೆ ಗೊಡ್ಡು ರೋಗ. ಮಾರುತಿ ತಳಿಯ ಹೊಲ ಬೇರೆ, ಟಿಎಸ್-3ಆರ್ ಹಾಕಿದ ಹೊಲ ಬೇರೆ. ಮಳೆಯಾದ ಮರುದಿನ ಎರೆ ಮಣ್ಣಿನಲ್ಲಿ ಚಪ್ಪಲಿ ಹಾಕಿ ನಡೆಯೋಕೆ ಆಗೋದಿಲ್ಲ. ಒಂದೊಂದು ಕಾಲಿಗೆ ಎರಡೆರಡು ಕೆಜಿ ಮಣ್ಣು ಹತ್ತಿಕೊಳ್ಳುತ್ತದೆ. ಬರಿಗಾಲಲ್ಲೇ ಎಣಿಸಿದ್ದೇನೆ. ಸೇಡಂ ಕಡೆಯ ಒಬ್ಬ ಅಜ್ಜ ಬದುವಿನ ಮೇಲೆ ಕೂತು ನೋಡುತ್ತಿದ್ದರು. "ಜ್ವಾಳದ ಜೋಡಿ ಹಾಕಿದ ಹೊಲದಾಗ ನೆಟಿ ಕಮ್ಮಿ ಅದ ನೋಡವ್ವಾ, ಬರಕೊ" ಅಂದರು. ಬರೆದುಕೊಂಡೆ. ಸಂಜೆ ಸರ್‌ಗೆ ಹೇಳಿದೆ. ಜೋಳದ ಜೊತೆ ತೊಗರಿ ಬೆಳೆದರೆ ನೆಟೆ ಕಡಿಮೆ ಆಗುತ್ತದೆ ಅಂತ ಸಂಶೋಧನೆಯಲ್ಲೂ ಕಂಡಿದೆ ಅಂತ ಅವರು ಪ್ರಬಂಧ ತೆಗೆದು ತೋರಿಸಿದರು. ಅಜ್ಜನಿಗೆ ಆ ಪ್ರಬಂಧ ಗೊತ್ತಿರಲಿಲ್ಲ. ನನಗೆ ಅಜ್ಜನೂ ಗೊತ್ತು, ಪ್ರಬಂಧವೂ ಗೊತ್ತು. ನಮ್ಮ ಊರಿನವರು ಈ ಕೆಲಸಕ್ಕೆ ಹೋಗಬೇಕು ಅಂತ ನಾನು ಹಟ ಹಿಡಿಯೋದು ಇದಕ್ಕೇ. ಹೊಲಕ್ಕೂ ಲ್ಯಾಬಿಗೂ ನಡುವೆ ಓಡಾಡುವವರಿಗೆ ಎರಡೂ ಕಡೆಯ ಮಾತು ಬರಬೇಕು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನೋ ಅಧಿಕೃತ ಗುರುತು, ಬಂದಾಗ ನನ್ನ ಮನೆಯವರಿಗೇ ಯಾರೋ ಸನ್ಮಾನ ಮಾಡಿದಷ್ಟು ಖುಷಿಪಟ್ಟಿದ್ದೆ.

ಆದರೆ ಆ ಪ್ರಾಜೆಕ್ಟ್ ಮುಗಿದದ್ದು ಸೆಪ್ಟೆಂಬರಿನಲ್ಲಿ.

ತೊಗರಿ ಬೆಳೆದವರಿಗೆ ಇದರ ಅರ್ಥ ಕೂಡಲೇ ತಿಳಿಯುತ್ತದೆ. ಮುಂಗಾರಿಗೆ ಬಿತ್ತಿದ ತೊಗರಿ ರಾಶಿಯಾಗೋದು ಡಿಸೆಂಬರ್ ಜನವರಿಗೆ. ನೆಟೆ ಜಾಸ್ತಿ ಕಾಣಿಸೋದು ಹೂವು ಕಾಯಿ ಹೊತ್ತಿಗೆ. ಮೂರು ಹಂಗಾಮು ಎಣಿಸಬೇಕಿದ್ದ ಕೆಲಸ, ಮೂರನೇ ಹಂಗಾಮು ಅರ್ಧಕ್ಕೆ ನಿಂತಿತು. ಹೊಲದಲ್ಲಿ ಗುರುತಿಗೆ ಕಟ್ಟಿದ ಕೆಂಪು ರಿಬ್ಬನ್ ಹಾಗೇ ಉಳಿದವು. ಕೊನೆಯ ನಾಲ್ಕು ತಿಂಗಳ ಸಂಬಳವೂ ತಡವಾಗಿ ಬಂತು. ಹಿಂದಿನ ಕಂತು ಖರ್ಚಾದ ಲೆಕ್ಕ, ಯುಟಿಲೈಜೇಶನ್ ಸರ್ಟಿಫಿಕೇಟ್ ಅಂತಾರೆ, ಅದು ಹೋಗಿ ಒಪ್ಪಿಗೆಯಾದ ಮೇಲೇ ಮುಂದಿನ ಕಂತು ಬಿಡುಗಡೆ. ಅಷ್ಟರ ತನಕ ಬಾಡಿಗೆ ಮನೆಯ ಮಾಲೀಕರ ಮುಂದೆ ತಲೆ ತಗ್ಗಿಸಿ ಓಡಾಡಿದೆ. ಸಂದರ್ಶನದ ದಿನ ನಾನು ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು. ಈ ಪ್ರಾಜೆಕ್ಟ್ ಯಾವ ತಾರೀಖಿಗೆ ಮುಗಿಯುತ್ತೆ ಸರ್, ಅಂತ. ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಹೆದರಿ ಸುಮ್ನೆ ಎದ್ದು ಬಂದಿದ್ದೆ.

ಅದಾದ ಮೇಲೆ ಇನ್ನೂ ಮೂರು ಪ್ರಾಜೆಕ್ಟ್. ನಡುವೆ ಪಿಎಚ್.ಡಿ. ಮುಗಿಸಿದೆ. ಈಗ ನಾಲ್ಕನೆಯದರಲ್ಲಿದ್ದೇನೆ, ಅದು ಮುಗಿಯುವ ತಾರೀಖು ನನ್ನ ಡೈರಿಯ ಮೊದಲ ಪುಟದಲ್ಲಿದೆ.

ಇರಲಿ, ಆ ಭಾನುವಾರಕ್ಕೆ ಬರುತ್ತೇನೆ. ಹುಡುಗಿಗೆ ಒಂದು ಪೆನ್ನು, ಒಂದು ಹಾಳೆ ಕೊಟ್ಟೆ. ಮೊಬೈಲ್ ಟಾರ್ಚ್ ಹಚ್ಚಿಕೊಂಡು ಒಂದೊಂದೇ ಸಾಲು ಓದಿದೆವು.

ಮೊದಲು ಹುದ್ದೆಯ ಹೆಸರಲ್ಲ, ತಾರೀಖು ನೋಡು ಅಂದೆ. ಕೊನೆಯ ದಿನಾಂಕ ಒಂದಿರುತ್ತದೆ. ವಯಸ್ಸನ್ನ, ವಿದ್ಯಾರ್ಹತೆಯನ್ನ ಯಾವ ದಿನಕ್ಕೆ ಲೆಕ್ಕ ಹಾಕುತ್ತಾರೆ ಅನ್ನೋದು ಇನ್ನೊಂದು ತಾರೀಖು ಇರಬಹುದು. ನಿನ್ನ ರಿಸಲ್ಟ್ ಆ ದಿನಕ್ಕಿಂತ ಒಂದು ದಿನ ಆಮೇಲೆ ಬಂದಿದ್ದರೂ ಅರ್ಜಿ ನಿಲ್ಲೋದಿಲ್ಲ. ಆಮೇಲೆ ಎಸೆನ್ಷಿಯಲ್, ಡಿಸೈರಬಲ್. ಎಸೆನ್ಷಿಯಲ್ ಇಲ್ಲದಿದ್ದರೆ ಹೋಗಬೇಡ. ಡಿಸೈರಬಲ್ ಇಲ್ಲದಿದ್ದರೆ ಹೋಗೇ ಹೋಗು. ಬರುವ ಬೇರೆಯವರಿಗೂ ಅದು ಇರೋದಿಲ್ಲ, ಎಷ್ಟೋ ಸಲ.

ದುಡ್ಡಿನ ಸಾಲು ಬಂತು. 'ಕನ್ಸಾಲಿಡೇಟೆಡ್' ಅಂತ ಇದ್ದರೆ ಅಷ್ಟೇ, ಬೇರೆ ಏನೂ ಸೇರೋದಿಲ್ಲ. 'ಪ್ಲಸ್ ಎಚ್‌ಆರ್‌ಎ' ಅಂತಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ನೆಟ್ ಪಾಸಾದವರಿಗೆ ಒಂದು ಮೊತ್ತ, ಆಗದವರಿಗೆ ಕಡಿಮೆ ಮೊತ್ತ ಅಂತ ಎರಡು ಅಂಕಿ ಇದ್ದವು. ಹುಡುಗಿ ಕಡಿಮೆ ಅಂಕಿಯನ್ನ ಹಾಳೆಯ ಮೇಲೆ ಬರೆದು ಸುತ್ತ ಗುಂಡಗೆ ಗೆರೆ ಎಳೆದಳು. ಜೆಆರ್‌ಎಫ್ ಆದರೆ ಎಷ್ಟು ಅಂತ ಕೇಳಿದಳು. 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ ಎಸ್‌ಆರ್‌ಎಫ್, ಅಂದರೆ ಹಿರಿಯ ಸಂಶೋಧಕಿ, ಆದರೆ 42,000 ಅಂದೆ. ಮತ್ತೆ ನೆಟ್ ಬರೆಯಬೇಕು ಅಕ್ಕಾ ಅಂದಳು. ಬರೆಯಲೇಬೇಕು. ಭಾಷೆಯ ವಿಷಯಗಳನ್ನ ಬಿಟ್ಟರೆ ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಯೋಚನೆ ಮಾಡಿ ಬೆಳೆದ ನಮಗೆ ಅಲ್ಲೇ ಅರ್ಧ ಸಮಯ ಹೋಗುತ್ತದೆ. ಆದರೂ ಬರೆಯಬೇಕು. ನಾನು ಎರಡು ಸಲ ಬರೆದು ಆಗದೆ, ಅದೇ ಥರದ ರಾಜ್ಯಮಟ್ಟದ ಪರೀಕ್ಷೆ ಕೆಸೆಟ್ ಮಾಡಿಕೊಂಡೆ.

ಆಮೇಲೆ ಮೀಸಲಾತಿಯ ಸಾಲು. ಇಲ್ಲಿ ಬಹಳ ಮಕ್ಕಳು ಎಡವುತ್ತಾರೆ, ಅದಕ್ಕೇ ನಿಧಾನವಾಗಿ ಹೇಳಿದೆ. ರಾಜ್ಯದ ವಿಶ್ವವಿದ್ಯಾಲಯದ ಹುದ್ದೆಯಾದರೆ 2ಎ, 3ಬಿ ಅನ್ನೋ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ, ಜೊತೆಗೆ 371(ಜೆ). ಕೇಂದ್ರದ ಸಂಸ್ಥೆಯಾದರೆ ಆ ಎರಡೂ ನಡೆಯೋದಿಲ್ಲ. ಕ್ಯಾಂಪಸ್ ನಮ್ಮ ಊರ ಪಕ್ಕದ ಹೊಲದಲ್ಲೇ ಇದ್ದರೂ ನಡೆಯೋದಿಲ್ಲ. ಅಲ್ಲಿ ಒಬಿಸಿ ಅಂದರೆ ಕೇಂದ್ರದ ಪಟ್ಟಿ, ಪ್ರಮಾಣಪತ್ರವೂ ಕೇಂದ್ರದ ನಮೂನೆಯಲ್ಲೇ ಇರಬೇಕು, ಕೆನೆಪದರಕ್ಕೆ ಸೇರಿಲ್ಲ ಅನ್ನೋ ಮಾತು ಅದರಲ್ಲಿರಬೇಕು. ರಾಜ್ಯದ ನಮೂನೆಯ ಪ್ರಮಾಣಪತ್ರ ಹಿಡಿದು ಕೇಂದ್ರದ ಸಂದರ್ಶನಕ್ಕೆ ಬಂದು, ಪರಿಶೀಲನೆಯ ಟೇಬಲ್ಲಿನಿಂದಲೇ ವಾಪಸ್ ಹೋದ ಒಬ್ಬ ಹುಡುಗನನ್ನ ನಾನು ನೋಡಿದ್ದೇನೆ. ಯಾದಗಿರಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ. ಬುತ್ತಿಯ ಗಂಟು ಇನ್ನೂ ಬಿಚ್ಚಿರಲಿಲ್ಲ.

'ಟಿಎ ಡಿಎ ಕೊಡಲಾಗುವುದಿಲ್ಲ', ಅಂದರೆ ಓಡಾಟದ ಖರ್ಚು ಕೊಡೋದಿಲ್ಲ, ಅನ್ನೋ ಸಾಲಿಗೆ ಬಂದಾಗ ಹುಡುಗಿ ನಕ್ಕಳು. "ಬಸ್ ಫ್ರೀ ಅದಲ್ರಿ ಅಕ್ಕಾ." ಹೌದು, 2023ರ ಜೂನಿನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿಗೆ ದುಡ್ಡು ಬೇಡ. ಇದು ಸಣ್ಣ ವಿಷಯ ಅಲ್ಲ. ನನ್ನ ಕಾಲದಲ್ಲಿ ಬೀದರಿನ ಒಂದು ವಾಕ್-ಇನ್‌ಗೆ ಹೋಗಿಬರೋ ಖರ್ಚು ಲೆಕ್ಕ ಹಾಕಿ ಹೋಗದೇ ಉಳಿದಿದ್ದೇನೆ.

ಅಷ್ಟರಲ್ಲಿ ಅವಳ ತಾಯಿಯ ಫೋನ್ ಬಂತು. ಮಗಳು ನನ್ನ ಕೈಗೆ ಕೊಟ್ಟಳು. "ಅಕ್ಕಾರ, ಈ ನೌಕ್ರಿ ಕಾಯಂ ಅದ ಏನ್ರಿ?"

ಇಲ್ಲ ಅಂದೆ. ಸುಳ್ಳು ಹೇಳಬಾರದು ಅಲ್ವಾ. ಎರಡು ಮೂರು ವರ್ಷದ್ದು, ಆದರೆ ಅಲ್ಲಿ ಕಲಿತದ್ದು ಕಾಯಂ ಅಂತ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಮಗಳ ಮದುವೆಯ ಮಾತು ನಡೀತಿರೋ ಮನೆಗೆ ಅಂಥ ಮಾತು ಅನ್ನ ಹಾಕೋದಿಲ್ಲ. ಅಲ್ಲಿದ್ದುಕೊಂಡೇ ಪಿಎಚ್.ಡಿ.ಗೆ ಸೇರಬಹುದು, ಪೇಪರ್ ಬರೆಯಬಹುದು, ಮುಂದೆ ಉಪಯೋಗ ಆಗ್ತದ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ನೀವ ಹೇಳಿದ್ ಮ್ಯಾಲ ಹೋಗ್ಲಿ ಬಿಡ್ರಿ" ಅಂದರು. ಆ ನಂಬಿಕೆಯ ಭಾರ ನನಗೆ ಚೆನ್ನಾಗಿ ಗೊತ್ತು. ರಾತ್ರಿ ನಿದ್ದೆ ಬರಲಿಲ್ಲ.

ಯಾಕಂದರೆ ಈ ದಾರಿ ಮುಂದೆ ಎಲ್ಲಿಗೆ ಹೋಗುತ್ತದೆ ಅನ್ನೋದನ್ನೂ ನಾನು ನೋಡಿದ್ದೇನೆ. ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಸಂದರ್ಶನಕ್ಕೆ ಯಾರನ್ನ ಕರೆಯಬೇಕು ಅಂತ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮದಲ್ಲಿ ನೂರು ಅಂಕದ ಒಂದು ಕೋಷ್ಟಕ ಇದೆ. ವಿಶ್ವವಿದ್ಯಾಲಯಕ್ಕಾದರೆ ಡಿಗ್ರಿಗೆ ಹೆಚ್ಚೆಂದರೆ 15, ಎಂ.ಎಸ್ಸಿ.ಗೆ 25, ಪಿಎಚ್.ಡಿ.ಗೆ 30. ಜೆಆರ್‌ಎಫ್ ಸಮೇತ ನೆಟ್ ಆಗಿದ್ದರೆ 7, ಬರೀ ನೆಟ್ ಆದರೆ 5, ಕೆಸೆಟ್‌ಗೆ 3. ಪ್ರಕಟವಾದ ಒಂದೊಂದು ಪೇಪರಿಗೆ 2ರಂತೆ 10ರ ತನಕ. ಪಾಠ ಮಾಡಿದ ಅನುಭವ ಅಥವಾ ಪೋಸ್ಟ್-ಡಾಕ್ಟರಲ್ ಅನುಭವಕ್ಕೆ ವರ್ಷಕ್ಕೆ 2ರಂತೆ 10ರ ತನಕ. ಪ್ರಶಸ್ತಿಗೆ 3. ಒಂದು ಸಲ ನನ್ನದೇ ಲೆಕ್ಕ ಹಾಕಿದ್ದೆ. ಡಿಗ್ರಿ 13, ಎಂ.ಎಸ್ಸಿ. 23, ಪಿಎಚ್.ಡಿ. 30, ಕೆಸೆಟ್ 3, ಮೂರು ಪೇಪರಿಗೆ 6. ಒಟ್ಟು 75. ಎರೆ ಮಣ್ಣಿನಲ್ಲಿ ಬರಿಗಾಲಲ್ಲಿ ಎಣಿಸಿದ ವರ್ಷಗಳಿಗೆ ಆ ಕೋಷ್ಟಕದಲ್ಲಿ ಒಂದು ಕಾಲಮ್ಮೂ ಇಲ್ಲ. ಇದು ನನಗೆ ಸರಿ ಕಾಣೋದಿಲ್ಲ. ಪ್ರಾಜೆಕ್ಟಿನಲ್ಲಿ ದುಡಿದವರಿಗೂ ವರ್ಷಕ್ಕಿಷ್ಟು ಅಂತ ಅಂಕ ಕೊಡಬೇಕು. ಸಂಶೋಧನೆ ಮಾಡಿದವರು ಬೇಕು ಅಂತ ಕೇಳಿ, ಸಂಶೋಧನೆಯ ಕೂಲಿ ಕೆಲಸವನ್ನ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಹೇಗೆ?

ಒಂದು ಪೇಪರಿಗೆ 2 ಅಂಕ ಅನ್ನೋದು ಇನ್ನೊಂದು ಕೆಡುಕಿಗೂ ದಾರಿ ಮಾಡಿದೆ. ದುಡ್ಡು ಕೊಟ್ಟರೆ ವಾರದಲ್ಲಿ ಛಾಪಿಸುವ ಜರ್ನಲ್‌ಗಳಿಂದ ಮಕ್ಕಳಿಗೆ ಮೆಸೇಜ್ ಬರುತ್ತವೆ. ಮನೆಯಿಂದ ದುಡ್ಡು ತರಿಸಿಕೊಂಡು ಕೊಡುತ್ತಾರೆ. ಕೊಡಬೇಡಿ. ಗೈಡ್ ಹತ್ತಿರ ಹೋಗಿ, ಲೈಬ್ರರಿಯವರನ್ನ ಕೇಳಿ, ಆ ಜರ್ನಲ್ ಹೆಸರನ್ನ ನಿಮ್ಮ ವಿಷಯದ ಹಿರಿಯರು ಕೇಳಿದ್ದಾರಾ ಅಂತ ವಿಚಾರಿಸಿ. ನಿಜವಾದ ಒಂದು ಪೇಪರ್ ಬರೆಯೋದಕ್ಕೆ ನನಗೆ ಒಂದೂವರೆ ವರ್ಷ ಹಿಡಿದಿತ್ತು.

ನೋಟಿಫಿಕೇಶನ್ ಬರೆಯುವವರಿಗೂ ಎರಡು ಮಾತು ಹೇಳಬೇಕು. ನಿಮ್ಮ ಪ್ರಾಜೆಕ್ಟ್ ಮುಗಿಯುವ ತಾರೀಖು ಮಂಜೂರಾತಿ ಪತ್ರದಲ್ಲಿ ಇದ್ದೇ ಇರುತ್ತದೆ. ಅದನ್ನ ನೋಟಿಫಿಕೇಶನ್ನಿನಲ್ಲೂ ಬರೆಯಿರಿ. ಇಂಗ್ಲಿಷಿನ ಆ ಎರಡು ಪುಟದ ಜೊತೆಗೆ ಕನ್ನಡದಲ್ಲಿ ಅರ್ಧ ಪುಟ ಹಾಕಿ. ಏನು ಕೆಲಸ, ಎಷ್ಟು ದಿನ, ಎಷ್ಟು ಸಂಬಳ, ಯಾವ ಯಾವ ಕಾಗದ, ಇಷ್ಟೇ ಸಾಕು. ಹೊಲಕ್ಕೆ ಹೋಗಿ ರೈತರ ಜೊತೆ ಮಾತಾಡುವ ಕೆಲಸಕ್ಕೆ ಜನ ಹುಡುಕುವಾಗ ಆ ರೈತರ ಮಕ್ಕಳಿಗೆ ತಿಳಿಯುವ ಹಾಗೆ ಬರೆಯೋದು ಹೆಚ್ಚಿನ ಮಾತೇನಲ್ಲ. ತಾಲ್ಲೂಕಿನ ಡಿಗ್ರಿ ಕಾಲೇಜುಗಳ ಬೋರ್ಡಿಗೂ ಒಂದೊಂದು ಪ್ರತಿ ಹೋಗಲಿ. ಚಿಂಚೋಳಿಯಲ್ಲಿ, ಸುರಪುರದಲ್ಲಿ, ಔರಾದಿನಲ್ಲಿ ಓದಿದ ಮಗುವೂ ಅದನ್ನ ಅದೇ ದಿನ ನೋಡಲಿ.

ಸೋಮವಾರ, ಮಂಗಳವಾರ ಕಾಗದ ಜೋಡಿಸಿದೆವು. ಕಾನ್ವೊಕೇಶನ್ ಸರ್ಟಿಫಿಕೇಟ್ ಇನ್ನೂ ಬಂದಿರಲಿಲ್ಲ, ಪ್ರೊವಿಜನಲ್ ಇತ್ತು, ನಡೆಯುತ್ತದೆ. ಎಲ್ಲ ಮೂಲ ಪ್ರತಿ ಒಂದು ಫೈಲು, ಜೆರಾಕ್ಸ್ ಇನ್ನೊಂದು ಫೈಲು. ಸೂಪರ್ ಮಾರ್ಕೆಟ್ ಹತ್ತಿರ ಫೋಟೋ ತೆಗೆಸಿಕೊಂಡು ಬಂದಳು. ಬಯೋಡಾಟಾದಲ್ಲಿ ಹವ್ಯಾಸ ಅಂತ ಬರೆದಿದ್ದ ಜಾಗ ತೆಗೆಸಿ, ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಅವಳು ಕೈಯಾರೆ ಮಾಡಿದ ಕೆಲಸ ಬರೆಸಿದೆ. ಎಷ್ಟು ಸ್ಯಾಂಪಲ್, ಯಾವ ಊರಿನದು, ಯಾವ ಉಪಕರಣ. ಬರೆಯುತ್ತಾ ಬರೆಯುತ್ತಾ ಅವಳ ಮುಖ ಬದಲಾಯಿತು. "ಇಷ್ಟೆಲ್ಲ ನಾನ ಮಾಡೀನಲ್ರಿ ಅಕ್ಕಾ" ಅಂದಳು.

ಬುಧವಾರ ರಾತ್ರಿ ಒಂದೇ ಮಾತು ಹೇಳಿದೆ. ಕೊನೆಗೆ ಅವರು 'ನಿಮ್ಮದೇನಾದರೂ ಪ್ರಶ್ನೆ ಇದೆಯಾ' ಅಂತ ಕೇಳುತ್ತಾರೆ. ಇಲ್ಲ ಸರ್ ಅಂತ ಎದ್ದು ಬರಬೇಡ.

ಗುರುವಾರ ಮಧ್ಯಾಹ್ನ ಎರಡೂವರೆಗೆ ಫೋನ್ ಬಂತು. ಹಿಂದೆ ಬಸ್ಸಿನ ಸದ್ದು. ಹದಿನಾಲ್ಕು ಜನ ಬಂದಿದ್ದರಂತೆ. ಕಾಗದ ಎಲ್ಲ ಸರಿ ಇತ್ತಂತೆ. ಒಳಗೆ ನಾಲ್ಕು ಜನ ಕೂತಿದ್ದರಂತೆ, ಮೈಕ್ರೋಸ್ಕೋಪಿನ ಬಗ್ಗೆ ಕೇಳಿದ್ದು ಗೊತ್ತಿತ್ತಂತೆ, ಇನ್ನೊಂದು ಗೊತ್ತಿರಲಿಲ್ಲವಂತೆ, ಗೊತ್ತಿಲ್ಲ ಅಂತಲೇ ಹೇಳಿದಳಂತೆ. ರಿಸಲ್ಟ್ ಇನ್ನೂ ಹೇಳಿಲ್ಲ.

"ಮತ್ತೆ, ಕೇಳಿದೆಯಾ?" ಅಂದೆ.

"ಕೇಳಿದೆ ಅಕ್ಕಾ. ಯಾವ ತಾರೀಖಿಗೆ ಮುಗೀತದ ಸರ್ ಅಂತ. ಒಬ್ಬರು ಫೈಲ್ ತೆಗೆದು ನೋಡಿ ಹೇಳಿದ್ರು. ಎರಡು ವರ್ಷ ಮೂರು ತಿಂಗಳು ಅದಂತ. ಕೈ ಮ್ಯಾಲೆ ಬರಕೊಂಡೀನಿ."